ಮೂರು ಕಲ್ಲಿನ ಗುರುತು

ಗಂಗಾವತಿಯ ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ವಿರುಪಣ್ಣನಿಗೆ ಹಂಪಿ ಎಂದರೆ ಹೊಳೆಯಾಚೆಯ ಊರು, ಅಷ್ಟೇ. ಇಪ್ಪತ್ತು ವರ್ಷ ಅವನು ಅದರ ಕಡೆ ಕ್ಯಾಮೆರಾ ಎತ್ತಿರಲಿಲ್ಲ. ಎಲ್ಲೆಲ್ಲಿಂದಲೋ ಬಂದ ಜನ ಹೆಗಲಿಗೆ ಎರಡೆರಡು ಕ್ಯಾಮೆರಾ ನೇತುಹಾಕಿಕೊಂಡು ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದರೆ, ಈ ಪುಣ್ಯಾತ್ಮ ಮದುಮಕ್ಕಳನ್ನು ತಾಜಮಹಲಿನ ಪರದೆಯ ಮುಂದೆ ನಿಲ್ಲಿಸಿ ‘ಗದ್ದ ಎತ್ರಿ’ ಎನ್ನುತ್ತ ಕಾಲ ಹಾಕಿದ್ದ.

೧೯೮೨ರ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಕ್ಯಾಲೆಂಡರ್ ಅಚ್ಚು ಹಾಕಿಸುವವನೊಬ್ಬ ಬಂದು ಅವನ ತಲೆಯಲ್ಲಿ ಹುಳ ಬಿಟ್ಟ. ಹಂಪಿಯ ಆರು ಬಣ್ಣದ ಚಿತ್ರ ಬೇಕು. ಕಲ್ಲಿನ ರಥ ಬೇಡ, ಅದು ಎಲ್ಲರ ಮನೆಯ ಗೋಡೆಯ ಮೇಲೂ ಇದೆ. ಯಾರೂ ನಿಂತು ನೋಡಿರದ ಜಾಗದಿಂದ ತೆಗೆದದ್ದಾಗಬೇಕು. ಕೆಳಗೆ ತೆಗೆದವನ ಹೆಸರು ದಪ್ಪಕ್ಷರದಲ್ಲಿ ಹಾಕುತ್ತೇನೆ ಎಂದ. ಹೆಸರು ಎಂದ ಕೂಡಲೇ ವಿರುಪಣ್ಣನಿಗೆ ಎರಡು ಕೊಂಬು ಮೂಡಿದವು. ಮರುದಿನವೇ ಎರಡು ಬಣ್ಣದ ರೀಲು, ಮೇಲಿಂದ ಬಗ್ಗಿ ನೋಡುವ ಎರಡು ಕಣ್ಣಿನ ಕ್ಯಾಮೆರಾ, ಒಂದು ಕಂಬಳಿ ಹಿಡಿದು ಸಾಣಾಪುರಕ್ಕೆ ಹೊರಟ. ಸಾಣಾಪುರದ ಗುಡ್ಡದ ನೆತ್ತಿಯಿಂದ ಹೊಳೆಯಾಚೆಯ ಹಂಪಿ ಪೂರ್ತಿ ಕಾಣುತ್ತದೆಂದು ಯಾರೋ ಹೇಳಿದ್ದರು.

ಅಲ್ಲಿ ಅವನಿಗೆ ಪಡಸಾಲೆಯಲ್ಲಿ ಮಲಗಲು ಜಾಗ ಕೊಟ್ಟವನು ಕನಕಪ್ಪ. ಐವತ್ತೆಂಟು ವರ್ಷದ, ಒಣಗಿದ ಜಾಲಿಯ ಮೈಯ ಮನುಷ್ಯ. ತನ್ನವು ಹತ್ತು, ಬೀದಿಯ ಜನರವು ಮೂವತ್ತು, ಒಟ್ಟು ನಲವತ್ತು ಆಡುಗಳನ್ನು ದಿನಾ ಗುಡ್ಡಕ್ಕೆ ಹೊಡೆದುಕೊಂಡು ಹೋಗಿ, ಹೊತ್ತು ಮುಳುಗುವುದರೊಳಗೆ ಒಂದೂ ತಪ್ಪದಂತೆ ಮನೆ ಮುಟ್ಟಿಸುವುದು ಅವನ ಕೆಲಸ. ಬೀದಿಯವರು ಅವನ ಕೈಗೆ ಆಡು ಕೊಟ್ಟು ನಿಶ್ಚಿಂತೆಯಿಂದ ಕೂಲಿಗೆ ಹೋಗುತ್ತಿದ್ದರು. ಅವನ ಹೆಂಡತಿ ಭೀಮಕ್ಕ ಹೆಚ್ಚು ಮಾತಿನವಳಲ್ಲ.

ಫೋಟೋಕ್ಕೆ ಒಳ್ಳೆಯ ಜಾಗ ಯಾವುದೆಂದು ಕೇಳಿದಾಗ ಕನಕಪ್ಪ ಕುಳಿತಲ್ಲಿಂದಲೇ ಒಂದೊಂದಾಗಿ ಹೇಳಿದ್ದ. “ತಮ್ಮಾರ, ಹೊತ್ತು ಏರೂ ಮುಂದ ಹೊಳಿ ಕಡೆ ಮುಖ ಮಾಡಿ ನಡೀರಿ. ಎಡಗಲ್ಲಕ್ಕ ಬಿಸಲು ಬಡೀತೈತಿ. ಗಾಳಿ ಎದಿಗೆ ಬಂದು ಹಾಯತೈತಿ ನೋಡ್ರಿ, ಅಲ್ಲೇ ನಿಂದರ್ರಿ. ಹಂಪಿ ಅಂಗೈಯಾಗ ಇಟ್ಟಂಗ ಕಾಣತೈತಿ.”

ಹಳ್ಳಿಯವರ ಮಾತು ಎಷ್ಟು ಚೆಂದ ಎಂದುಕೊಂಡ ವಿರುಪಣ್ಣ. ಕಣ್ಣಿದ್ದವನು ಜಾಗದ ಗುರುತನ್ನು ಗಲ್ಲದ ಬಿಸಿಯಿಂದ ಯಾಕೆ ಹೇಳಬೇಕು ಎಂಬ ಪ್ರಶ್ನೆ ಆ ಜಾಣನಿಗೆ ಹೊಳೆಯಲಿಲ್ಲ.

ಎರಡು ದಿನ ಗುಡ್ಡ ಹತ್ತಿ ಇಳಿದದ್ದೇ ಬಂತು. ಜಾಗಗಳೆಲ್ಲ ಕನಕಪ್ಪ ಹೇಳಿದ ಹಾಗೇ ಇದ್ದವು. ಆದರೆ ಕ್ಯಾಮೆರಾದ ಗಾಜಿನೊಳಗೆ ನೋಡಿದರೆ ದೂರದಲ್ಲಿ ಬೆರಳುಗಾತ್ರದ ಗೋಪುರ, ನಡುವೆ ಹೊಳೆ, ಹತ್ತಿರದಲ್ಲಿ ಬರೀ ಬೋಳು ಬಂಡೆ. ಚಿತ್ರಕ್ಕೆ ಜೀವವೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದು ಬಂಡೆಯ ಮೇಲೆ ಮೂರು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದು ಕಣ್ಣಿಗೆ ಬಿತ್ತು. ಅದನ್ನು ಚೌಕಟ್ಟಿನ ಮೂಲೆಗೆ ತಂದು ನೋಡಿದ. ಆಹಾ! ಹತ್ತಿರದಲ್ಲೊಂದು ಪುಟ್ಟ ಕಲ್ಲುಗೋಪುರ, ದೂರದಲ್ಲಿ ದೊಡ್ಡದು. ಅವನಿಗೆ ಬೇಕಾದದ್ದು ಸಿಕ್ಕಿಬಿಟ್ಟಿತು.

ಆ ಗುಂಪೆ ಏನೆಂದು ಅವನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಸಣ್ಣವನಿದ್ದಾಗ ಅವ್ವನ ಸೆರಗು ಹಿಡಿದು ಹಂಪಿಗೆ ಹೋದಾಗಲೆಲ್ಲ ಗುಡ್ಡದ ಮೇಲೆ ಕಲ್ಲಿನ ಮೇಲೆ ಕಲ್ಲು ಇಟ್ಟು, ‘ನಮಗೂ ಒಂದು ಮನಿ ಆಗಲಪ್ಪಾ’ ಎಂದು ಕೈಮುಗಿದು ಬಂದವನು ಅವನು. ಅಲ್ಲಿಗೆ ಬರುವ ಯಾತ್ರಿಕರೆಲ್ಲ ಮಾಡುವ ಕೆಲಸ ಅದು. ಇದೂ ಹಾಗೆಯೇ ಯಾರದೋ ಬೇಡಿಕೆ ಎಂದುಕೊಂಡ. ದೂರದ ಊರಿನವನಾಗಿದ್ದರೆ ಇದೇನು ಎಂದು ಬಾಯಿಬಿಟ್ಟಾದರೂ ಕೇಳುತ್ತಿದ್ದ. ಇವನು ಈ ಕಡೆಯವನೇ, ಅದಕ್ಕೇ ಕೇಳಲಿಲ್ಲ.

ಮಧ್ಯಾಹ್ನದ ತನಕ ಅವನು ನೋಟ ಚೆನ್ನಾಗಿದ್ದ ಕಡೆಯೆಲ್ಲ ತಾನೇ ಮೂರು ಮೂರು ಕಲ್ಲು ಪೇರಿಸುತ್ತ ಹೋದ. ಗುಡ್ಡದ ಮೇಲೆ ನೋಟ ಚೆನ್ನಾಗಿರುವುದು ಎಲ್ಲಿ? ಬಂಡೆಯ ಅಂಚಿನಲ್ಲಿ, ಮುಂದೆ ಬರೀ ಗಾಳಿ ಇರುವಲ್ಲಿ. ಅಲ್ಲೇ ಪೇರಿಸಿದ. ಒಂದು ಕಡೆ ಕೈಗೆ ಒಳ್ಳೆಯ ಕಲ್ಲು ಸಿಗದಿದ್ದಾಗ ಹತ್ತಿರದ ಹಳೆಯ ಗುಂಪೆಯನ್ನೇ ಬಿಚ್ಚಿ, ‘ಯಾರದೋ ಏನೋ, ಮನಿ ಆಗಿದ್ದರ ಆಗಿರತೈತಿ’ ಎಂದು ನಕ್ಕು, ಕಲ್ಲುಗಳನ್ನು ಅಂಚಿಗೆ ಒಯ್ದಿಟ್ಟ. ಎರಡೂ ರೀಲು ಮುಗಿದವು. ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಸಿಳ್ಳೆ ಹಾಕುತ್ತ ಇಳಿದುಬಂದ.

ಭೀಮಕ್ಕ ಪಡಸಾಲೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಇಟ್ಟಳು. ನಾಲ್ಕು ಗಂಟೆ ಹೊಡೆದಿತ್ತು. ಕನಕಪ್ಪ ಬೆಳಿಗ್ಗೆಯೇ ಕೆರೆಯ ಬದಿಯಿಂದ ಆಡು ಹತ್ತಿಸಿಕೊಂಡು ಹೋಗಿದ್ದ.

“ಅಕ್ಕಾರ, ನನ್ನ ಕೆಲಸ ಆತು,” ಎಂದ ವಿರುಪಣ್ಣ ರೊಟ್ಟಿ ಮುರಿಯುತ್ತ. “ಯಾತ್ರಿ ಮಂದಿ ಇಟ್ಟಂಗ ನಾನೂ ಆರು ಕಡೆ ಕಲ್ಲಿನ ಗುಂಪಿ ಇಟ್ಟೆ. ಭಾಳ ಛಲೋ ಬಂದಾವ ಫೋಟೋ. ದಿಬ್ಬದ ತುದೀಗೆ ಒಂದು ಇಟ್ಟೀನಿ ನೋಡ್ರಿ, ಅದರ ಮುಂದ ಗೋಪುರ ಏನು ಕಾಣತೈತಿ ಅಂತೀರಿ!”

ಮಜ್ಜಿಗೆಯ ತಂಬಿಗೆ ಭೀಮಕ್ಕನ ಕೈಯಲ್ಲೇ ನಿಂತಿತು. “ಎಷ್ಟು ಕಲ್ಲಿಂದು?”

“ಮೂರು.”

ಅವಳು ತಂಬಿಗೆ ಕೆಳಗಿಟ್ಟು ಬಾಗಿಲಿನಾಚೆ ಬೀದಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಅವನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲಗೆ ಹೇಳಿದಳು. “ಯಣ್ಣಾ, ಗುಡ್ಡದ ಮ್ಯಾಗ ಯಾತ್ರಿ ಮಂದಿ ಬರಂಗಿಲ್ಲರಿ. ಆ ಗುಂಪಿ ನಾವಿಟ್ಟಿದ್ದು, ನಾನೂ ಅವರೂ. ಅವರಿಗೆ ಕಣ್ಣು ಕಾಣಂಗಿಲ್ಲ.”

ವಿರುಪಣ್ಣನ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

“ನಾಕು ವರ್ಷಾತು. ಪೊರಿ ಬಂದೈತಿ. ಬೆಳಕು, ಕತ್ತಲಿ ಅಷ್ಟ ತಿಳೀತೈತಿ. ಊರಾಗ ಒಂದು ಪಿಳ್ಳಿಗೂ ಗೊತ್ತಿಲ್ಲ. ಗೊತ್ತಾದರ ಕುರುಡನ ಕೈಯಾಗ ಮಂದಿ ಆಡು ಯಾಕ ಕೊಡ್ತಾರ? ಅವರು ಕೈಯಾಗಿನ ಬಡಗಿ ಆಡಿಸಿಕೋತ ಬರ್ತಾರ. ಗುಂಪಿ ಬಡಗಿಗೆ ತಾಕಿದರ, ಮುಂದ ಸಣ್ಣ ಸೀಳು ಐತಿ, ಒಂದು ಹೆಜ್ಜಿ ದಾಟಿದರ ಗಟ್ಟಿ ಕಲ್ಲು ಐತಿ ಅಂತ ಗುರುತು. ತಾಕಿದ ಕೂಡಲೇ ದಾಟೇ ಬಿಡ್ತಾರ. ನಿಂತು ನೋಡಂಗಿಲ್ಲ.”

ಬಂಡೆಯ ಅಂಚು, ಅದರಾಚೆಯ ಗಾಳಿ, ಕೆಳಗೆ ಮುಳ್ಳುಗಂಟಿಯ ಕೊರಕಲು, ಎಲ್ಲ ವಿರುಪಣ್ಣನ ಕಣ್ಣಿಗೆ ಕಟ್ಟಿತು. ಅವನು ಎಂಜಲು ಕೈಯಲ್ಲೇ ಎದ್ದುನಿಂತ. “ಎಷ್ಟೊತ್ತಿಗೆ ಆ ಕಡೆ ಬರ್ತಾರ?”

“ಇಳಿಯೋದು ದಿಬ್ಬದ ಮ್ಯಾಲಿಂದನ. ಹೊತ್ತು ಮುಳುಗಾಕ ಎರಡು ಮಾರು ಇದ್ದಾಗ ಹೊಂಡ್ತಾರ.” ಇಬ್ಬರೂ ಹೊರಗೆ ನೋಡಿದರು. ಹೊತ್ತು ಎರಡು ಮಾರಿಗಿಂತ ಕೆಳಗೇ ಇತ್ತು.

“ಮಂದೀನ ಕರೀಲೇನು? ಎಲ್ಲಾರೂ ಕೂಡಿ ಒದರಿದರ...”

“ಒದರಬ್ಯಾಡ್ರಿ!” ಭೀಮಕ್ಕ ಅವನ ತೋಳು ಹಿಡಿದಳು. “ಯಾರರ ಕರದರ ದನಿ ಬಂದ ಕಡೆ ತಿರುಗಿ ನಡಿಯೋದು ಅವರ ರೂಢಿ. ಕಾಣತೈತಿ ಅಂತ ತೋರಸಾಕ ಬೇಕಂತಲೇ ಜೋರು ನಡೀತಾರ. ಒದರಿದರ ಸತ್ತs ಹೋಗ್ತಾರ. ನಿಮ್ಮ ಗುಂಪಿ ಎಲ್ಲಿ ಅದಾವ ಅಂತ ನಿಮಗs ಗೊತ್ತು. ನೀವs ಹೋಗ್ರಿ. ನನಗ ಮೊಳಕಾಲು ನೋವು, ಹತ್ತಾಕ ಬರಂಗಿಲ್ಲ.” ಅವಳು ಅವನನ್ನು ಬಾಗಿಲ ಕಡೆ ತಳ್ಳಿದಳು. ಆದರೂ ಕೊನೆಗೆ ಇದೊಂದನ್ನು ಹೇಳದೆ ಇರಲಿಲ್ಲ: “ಯಾರಿಗೂ ಹೇಳಬ್ಯಾಡ್ರಿ, ಯಣ್ಣಾ.”

ವಿರುಪಣ್ಣ ಕ್ಯಾಮೆರಾವನ್ನು ಪಡಸಾಲೆಯಲ್ಲೇ ಬಿಟ್ಟು ಓಡಿದ. ನಲವತ್ತೆರಡು ವರ್ಷ, ಸ್ಟುಡಿಯೋದ ನೆರಳಲ್ಲಿ ಬೆಳೆದ ಹೊಟ್ಟೆ, ಕಾಲಿಗೆ ಪೇಟೆಯ ಚಪ್ಪಲಿ. ಅರ್ಧ ದಾರಿಗೆ ಒಂದರ ಉಂಗುಟದ ಪಟ್ಟಿ ಕಿತ್ತಿತು. ಎರಡೂ ಚಪ್ಪಲಿ ಎಸೆದು ಬರಿಗಾಲಲ್ಲಿ ಹತ್ತಿದ. ದಿನವಿಡೀ ಕಾದ ಬಂಡೆ ಅಂಗಾಲು ಸುಡುತ್ತಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮೂರು ದಿನ ಆ ಮನುಷ್ಯನ ಮನೆಯ ರೊಟ್ಟಿ ತಿಂದು, ಅವನು ಹೇಳಿದ ಜಾಗಗಳಲ್ಲೇ ಅವನಿಗೆ ಉರುಲು ಹೆಣೆದಿಟ್ಟು ಬಂದಿದ್ದ.

ಮೊದಲನೆಯ ಗುಂಪೆ ಸುಲಭವಾಗಿ ಸಿಕ್ಕಿತು. ಕಾಲಿಂದ ಒದ್ದ. ಎರಡನೆಯದು ಬಂಡೆಯ ಬಿರುಕಿನಲ್ಲಿ ಹುಟ್ಟಿದ ಬಸರಿ ಗಿಡದ ಪಕ್ಕದಲ್ಲಿತ್ತು. ಅದನ್ನೂ ಕೆಡವಿದ. ಮೂರನೆಯದಕ್ಕೆ ಕಲ್ಲು ತಂದದ್ದು ಹಳೆಯ ಗುಂಪೆ ಬಿಚ್ಚಿ. ಇದನ್ನು ಬರೀ ಕೆಡವಿದರೆ ಸಾಲದು, ಹಳೆಯದನ್ನು ಅದರ ಜಾಗದಲ್ಲಿ ಮತ್ತೆ ಇಡಬೇಕು. ಇಲ್ಲದಿದ್ದರೆ ಕನಕಪ್ಪ ದಾಟುವಲ್ಲಿ ದಾಟದೆ ಮುಂದೆ ಸಾಗಿಬಿಡುತ್ತಾನೆ. ಎಲ್ಲಿತ್ತು ಅದು? ಸುತ್ತಲಿನ ನಾಲ್ಕು ಬಂಡೆಗಳೂ ಒಂದೇ ಅವ್ವನ ಮಕ್ಕಳ ಹಾಗೆ ಕಂಡವು. ಕಲ್ಲುಗಳನ್ನು ಎದೆಗವಚಿಕೊಂಡು ಮೊಣಕಾಲೂರಿ ಹುಡುಕಿದ. ಬಂಡೆಯ ಮೇಲೆಲ್ಲ ಕಲ್ಲುಹೂವು ಹತ್ತಿ ಕಪ್ಪಾಗಿತ್ತು. ಒಂದು ಕಡೆ ಮಾತ್ರ ಅಂಗೈಯಗಲ ಬೆಳ್ಳಗೆ ಉಳಿದಿತ್ತು. ನಾಲ್ಕು ವರ್ಷ ಕಲ್ಲು ಕೂತ ಜಾಗ. ಅಲ್ಲೇ ಒಂದರ ಮೇಲೊಂದು ಇಟ್ಟ. ಎರಡು ಸಲ ಜಾರಿದವು. ಮೂರನೆಯ ಸಲ ನಿಂತವು.

ಅಷ್ಟರಲ್ಲಿ ಗಂಟೆಯ ಸದ್ದು ಕೇಳಿತು. ಆಡಿನ ಕೊರಳ ಗಂಟೆ, ದಿಬ್ಬದ ಆ ಕಡೆಯಿಂದ.

ನಾಲ್ಕು ಮತ್ತು ಐದು ಅಕ್ಕಪಕ್ಕದಲ್ಲಿದ್ದವು. ಬಗ್ಗಿ ಓಡುತ್ತಲೇ ಎರಡನ್ನೂ ಚೆಲ್ಲಿದ. ಗಂಟೆಗಳ ಸದ್ದು ಹತ್ತಿರ ಹತ್ತಿರ ಬಂದು, ಮುಂದಿನ ಆಡುಗಳು ಅವನೆದುರೇ ಬಂಡೆಯಿಂದ ಬಂಡೆಗೆ ಹಾರಿ ಕೆಳಗಿಳಿದವು. ಆಡಿನ ಬೆನ್ನು ಹತ್ತಿ ಮನುಷ್ಯ ಇಳಿಯುವ ದಾರಿಯಲ್ಲ ಅದು. ಉಳಿದದ್ದು ಆರನೆಯದು, ದಿಬ್ಬದ ತುದಿಯದು, ಮಧ್ಯಾಹ್ನ ಅವನು ‘ಇದಪ್ಪಾ ಫೋಟೋ’ ಎಂದು ತೊಡೆ ತಟ್ಟಿಕೊಂಡದ್ದು.

ತಿರುವು ದಾಟಿದಾಗ ಕನಕಪ್ಪ ಕಂಡ. ಮೂವತ್ತು ಹೆಜ್ಜೆ ದೂರ. ನೆತ್ತಿಯ ಬಂಡೆಯ ಮೇಲೆ, ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ಬಡಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡುತ್ತಿತ್ತು. ವಿರುಪಣ್ಣ ನೋಡುತ್ತಿದ್ದಂತೆ ಅದು ಗುಂಪೆಗೆ ತಾಕಿತು.

ಟಕ್.

ಕನಕಪ್ಪನ ಮುಖ ಅರಳಿತು. ತಾನಿಟ್ಟ ಗುರುತು ಇಷ್ಟು ಬೇಗ ಬಂತೇ ಎಂದು ಅವನಿಗೇ ಸ್ವಲ್ಪ ಆಶ್ಚರ್ಯವಾದಂತಿತ್ತು. ಬಡಿಗೆಯನ್ನು ಕಂಕುಳಿಗೆ ಸೇರಿಸಿ, ಧೋತರದ ಚುಂಗು ಎತ್ತಿ ಹಿಡಿದು, ಬಲಗಾಲು ಎತ್ತಿದ.

ಕೂಗಬಾರದು. ಕೂಗದೆಯೂ ಇರಬಾರದು. ಆ ಕ್ಷಣ ವಿರುಪಣ್ಣನ ತಲೆ ಏನೂ ಯೋಚಿಸಲಿಲ್ಲ. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಆಡಿದ ಮಾತು ಬಾಯಿಂದ ತಾನಾಗಿಯೇ ಹೊರಬಿತ್ತು, ಸ್ಟುಡಿಯೋದ ಅದೇ ದರ್ಪದ ದನಿಯಲ್ಲಿ.

“ಹಾಂ, ಹಂಗ ಇರ್ರಿ! ಫೋಟೋ ತೆಗೀತೀನಿ, ಅಳ್ಳಾಡಬ್ಯಾಡ್ರಿ. ಉಸರು ಹಿಡೀರಿ.”

ಆ ಕಾಲದ ಜನಕ್ಕೆ ಫೋಟೋ ಎಂದರೆ ಆಯುಷ್ಯದಲ್ಲಿ ಒಂದೋ ಎರಡೋ ಸಲದ ಮಾತು. ಅಲುಗಾಡಿದರೆ ಮುಖವೇ ಬರುವುದಿಲ್ಲ, ರೀಲು ಹಾಳಾಗುತ್ತದೆ ಎಂಬ ಭಯ. ಈ ಮಾತು ಕಿವಿಗೆ ಬಿದ್ದರೆ ಕುಣಿಯುವ ಕೂಸೂ ಮರದ ಗೊಂಬೆಯಾಗುತ್ತಿತ್ತು. ಕನಕಪ್ಪನೂ ಆದ. ಎತ್ತಿದ ಕಾಲನ್ನು ಮೆಲ್ಲಗೆ ಇದ್ದಲ್ಲೇ ಊರಿ, ಎದೆ ಉಬ್ಬಿಸಿ, ಕೈ ಎರಡೂ ತೊಡೆಗೆ ಹಚ್ಚಿ, ಉಸಿರು ಹಿಡಿದು ನಿಂತ. ಅವನ ಕಾಲ್ಬೆರಳಿಗೂ ಬಂಡೆಯ ಅಂಚಿಗೂ ನಡುವೆ ಒಂದು ಗೇಣು ಇತ್ತು.

“ಭಾಳ ಛಲೋ,” ಎನ್ನುತ್ತ ವಿರುಪಣ್ಣ ಮುಂದೆ ಸರಿದ. ಕಾಲಡಿ ಹರಳು ಸರಿದರೆ ಜೀವ ಹೋದಂತಾಗುತ್ತಿತ್ತು. “ಗದ್ದ ಚೂರು ಮ್ಯಾಲೆ... ಹಾಂ. ಕಾಲು ಎತ್ತಬ್ಯಾಡ್ರಿ. ಇನ್ನೂ ತೆಗದಿಲ್ಲ.”

ಹದಿನೈದು ಹೆಜ್ಜೆ. ನಡುವೆ ಒಂದು ಸೀಳು ಇತ್ತು. ಹೊಟ್ಟೆಯ ಮೇಲೆ ತೆವಳಿ ಅದನ್ನು ದಾಟುವಾಗಲೂ ಮಾತು ನಿಲ್ಲಿಸಲಿಲ್ಲ.

“ಇಷ್ಟು ಹತ್ತರ ಬಂದರ ನಾ ಪೂರಾ ಬರ್ತೀನೇನ್ರಿ?” ಕನಕಪ್ಪ ತುಟಿ ಅಲುಗಿಸದೆ ಕೇಳಿದ. “ಹಿಂದಕ ಸರಕೊಳ್ಳಲೇನು? ಮುಂದಕ ಬರಲೇನು?”

“ಬ್ಯಾಡ! ಹಂಗs ಇರು, ಕಾಕಾ. ಹಂಗs...”

ಮುಂಗೈ ಸಿಕ್ಕಿತು. ವಿರುಪಣ್ಣ ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಬಂಡೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ಬಡಿಗೆ ಕಂಕುಳಿಂದ ಜಾರಿ ಬಂಡೆಯ ಮೇಲೆ ಸದ್ದು ಮಾಡುತ್ತ ಬಿತ್ತು. ವಿರುಪಣ್ಣ ಹಿಡಿದ ಕೈ ಬಿಡದೆ ಸಣ್ಣ ಹುಡುಗನ ಹಾಗೆ ಅತ್ತ.

ಕನಕಪ್ಪ ಎದ್ದು ಕುಳಿತು ರುಮಾಲು ಸರಿಮಾಡಿಕೊಂಡ. “ಟಕ್ ಅನ್ನಲಿಲ್ಲಲ್ಲ ಕ್ಯಾಮೆರಾ,” ಎಂದ.

ವಿರುಪಣ್ಣ ಹೇಳಿದ. ಗುಂಪೆಗಳದ್ದು, ಭೀಮಕ್ಕ ಹೇಳಿದ್ದು, ಎಲ್ಲವನ್ನೂ ಬಿಕ್ಕುತ್ತ ಹೇಳಿದ. ಕನಕಪ್ಪ ಕೈಚಾಚಿ ಬಡಿಗೆ ಹುಡುಕಿಕೊಂಡ. ಕುಳಿತಲ್ಲೇ ಮುಂದೆ ಜರುಗಿ ಗುಂಪೆಯನ್ನು ಮುಟ್ಟಿದ. ಅದರಾಚೆ ಬಡಿಗೆ ಚಾಚಿ ಕೆಳಗೆ ಇಳಿಸಿದ, ಪೂರ್ತಿ ತೋಳಿನುದ್ದ. ಏನೂ ತಾಕಲಿಲ್ಲ. ಗುಂಪೆಯ ಮೇಲಿನ ಕಲ್ಲೊಂದನ್ನು ಎತ್ತಿ ಅಂಚಿನಾಚೆ ಬಿಟ್ಟ. ಇಬ್ಬರೂ ಕಿವಿಗೊಟ್ಟರು. ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ಅದು ಬಿದ್ದ ಸದ್ದು ಬಂತು.

“ಎಷ್ಟು ಇಟ್ಟಿದ್ದಿ?” ಕನಕಪ್ಪನ ಬಾಯಿಂದ ಈಗ ‘ರಿ’ ಹೋಗಿತ್ತು.

“ಆರು. ಐದು ಕೆಡವಿ ಬಂದೆ, ಕಾಕಾ. ಇದು ಆರನೇದು.”

“ಆರನಾ? ಅವ್ವನ ಆಣಿ?”

ವಿರುಪಣ್ಣ ಬಾಯಿ ತೆರೆದ. ಹೂಂ ಎನ್ನಲು ಆಗಲಿಲ್ಲ. ಬೆಳಿಗ್ಗೆ ಬಿಸಿಲು ಸರಿಯಿಲ್ಲವೆಂದು ಫೋಟೋ ತೆಗೆಯದೆ ಬಿಟ್ಟುಹೋದ ಒಂದು ಜಾಗ ನೆನಪಾಯಿತು. ಅಲ್ಲಿ ಕಲ್ಲು ಪೇರಿಸಿದ್ದನೇ? ಎರಡಿಟ್ಟು ಬಿಟ್ಟಿದ್ದನೇ? ಅದು ಯಾವ ಬಂಡೆ? “ಇನ್ನೊಂದು ಇದ್ದರೂ ಇರಬಹುದು,” ಎಂದ. “ಎರಡು ಇದ್ದರೂ... ನೆನಪಾಗವಲ್ದು. ನಾ ನಾಳೆ ಎಲ್ಲಾ ಹುಡುಕಿ ಕೆಡವತೀನಿ.”

“ನನ್ನವು ಯಾವು, ನಿನ್ನವು ಯಾವು ಅಂತ ನಿನಗ ಹೆಂಗ ತಿಳೀತೈತಿ?” ಕನಕಪ್ಪ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವನ ದನಿಯಲ್ಲಿ ಬರೀ ಸುಸ್ತಿತ್ತು. “ಕಣ್ಣು ಹೋದಾಗ ಸೈತ ನಾ ಅತ್ತಿಲ್ಲಪ್ಪ. ಗುಡ್ಡ ನನ್ನ ಕೈಯಾಗಿತ್ತು. ಇನ್ನ ಬಡಗಿಗೆ ಕಲ್ಲು ತಾಕಿದರ, ಇದು ನಂದೋ ಅವಂದೋ ಅಂತ ನಿಲ್ಲಬೇಕು. ಮಂದಿ ಆಡು ತಗೊಂಡು ಯಾವ ಧೈರ್ಯದ ಮ್ಯಾಲೆ ಹತ್ತಲಿ?”

ವಿರುಪಣ್ಣನಿಗೆ ಜೀವ ಉಳಿಸಿದೆ ಎಂಬ ಸಮಾಧಾನ ಒಂದು ಕ್ಷಣ ಬಂದಿತ್ತು, ಅದೂ ಹೋಯಿತು.

ಇಳಿಯುವಾಗ ಕನಕಪ್ಪ ಅವನ ಕೈ ಹಿಡಿದಿದ್ದ. ದಾರಿಯಲ್ಲಿ ಮೂರು ಗುಂಪೆ ಸಿಕ್ಕವು. ಪ್ರತಿ ಸಲವೂ ಬಡಿಗೆ ತಾಕಿದಾಗ ಮುದುಕನ ಹೆಜ್ಜೆ ತಡೆಯಿತು. ವಿರುಪಣ್ಣ ತಾನು ದಾಟಿ ನಿಂತು ಎಳೆದುಕೊಂಡ ಮೇಲೆಯೇ ಅವನು ದಾಟಿದ.

ಊರ ಅಂಚಿಗೆ ಬಂದಾಗ ವಿರುಪಣ್ಣ ಕೈ ಬಿಡಿಸಿಕೊಳ್ಳಲು ನೋಡಿದ. “ಕಾಕಾ, ಬೀದಿ ಬಂತು. ಇಲ್ಲಿಂದ ನೀವs ನಡೀರಿ. ಯಾರಿಗೂ ತಿಳಿಯಂಗಿಲ್ಲ. ನಾ ಬಾಯಿ ಬಿಡಂಗಿಲ್ಲ.”

ಕನಕಪ್ಪನ ಬೆರಳುಗಳು ಇನ್ನೂ ಬಿಗಿಯಾದವು. ಇಬ್ಬರೂ ಕೈಕೈ ಹಿಡಿದುಕೊಂಡೇ ಬೀದಿಗೆ ಬಂದರು, ಹಿಂದೆ ಮುಂದೆ ನಲವತ್ತು ಆಡು. ಕಟ್ಟೆಯ ಮೇಲೆ ಕೂತಿದ್ದ ಗಾಳೆಪ್ಪ ಎದ್ದುನಿಂತ. ಅವನವು ಎಂಟು ಆಡು ಆ ಹಿಂಡಿನಲ್ಲಿದ್ದವು.

“ಯಾಕಲೇ ಕನಕ, ಕೈ ಹಿಡಕೊಂಡು ಬರಾಕತ್ತೀ? ಏನಾತು?”

“ಕಾಲು ಉಳುಕೈತ್ರಿ,” ಎಂದ ವಿರುಪಣ್ಣ ಥಟ್ಟನೆ.

“ಕಾಲಿಗೇನೂ ಆಗಿಲ್ಲ,” ಎಂದ ಕನಕಪ್ಪ. ಬೀದಿಗೆಲ್ಲ ಕೇಳುವಷ್ಟು ದನಿಯಲ್ಲಿಯೇ ಹೇಳಿದ. “ಗಾಳೆಪ್ಪ, ನನಗ ಕಣ್ಣು ಕಾಣಂಗಿಲ್ಲ. ನಾಕು ವರ್ಷಾತು. ನಿನ್ನ ಆಡು ಎಣಿಸ್ಕೋ, ಎಂಟೂ ಅದಾವ. ನಾಳಿಂದ ನೀನs ಕಾಯ್ಕೋ.”

ಬಾಗಿಲಲ್ಲಿ ನಿಂತಿದ್ದ ಭೀಮಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ನಾಲ್ಕು ವರ್ಷ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡದ್ದು ಬೀದಿಯ ಪಾಲಾಗಿತ್ತು.

ಕನಕಪ್ಪ ಆಗ ಕೈ ಬಿಟ್ಟ. ಬಡಿಗೆಯನ್ನು ಹೆಗಲಿಗೇರಿಸಿಕೊಂಡು, ಒಂದು ಹೆಜ್ಜೆಯೂ ತಪ್ಪದೆ ತನ್ನ ಮನೆಯ ತನಕ ನಡೆದು, ಗಿಡ್ಡ ಬಾಗಿಲಿಗೆ ಸರಿಯಾಗಿ ತಲೆ ತಗ್ಗಿಸಿ ಒಳಗೆ ಹೋದ. ವಿರುಪಣ್ಣ ಬರಿಗಾಲಲ್ಲಿ ಬೀದಿಯ ನಡುವೆ ನಿಂತಿದ್ದ. ಅವನ ಸುತ್ತ ಬೀದಿಯ ಜನ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಆಡುಗಳನ್ನು ಬೇರೆ ಮಾಡಿಕೊಳ್ಳತೊಡಗಿದರು.